ಓದುಗರ ಪ್ರಶ್ನೆ, ತಜ್ಞರ ಉತ್ತರ: ಅಂಟು ಬಿಟ್ಟಾಗ ಮೊದಲು ನೋಡಬೇಕಾದದ್ದು

ಅಂಟು, ಮೇಣ ಮತ್ತು ಪಾಲಿಮರ್ ಕುರಿತು ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆಯ್ದಿದ್ದೇವೆ. ಉತ್ತರಿಸಿದವರು ಇದೇ ಉದ್ಯಮದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ರಸಾಯನಶಾಸ್ತ್ರಜ್ಞರು.

ಪ್ರಶ್ನೆ: ನನ್ನ ಮಗಳು ಕುವೆಂಪು ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸುತ್ತಿದ್ದಾಳೆ. ಅಂಟು ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಗುವ ಹಾಗಿದೆ. ಅಲ್ಲಿ ನಿಜವಾಗಿ ಏನು ಕೆಲಸ ಇರುತ್ತದೆ? ಮುಂದೆ ಬೆಳೆಯಬಹುದೇ? ಆರೋಗ್ಯಕ್ಕೆ ತೊಂದರೆ ಆಗುವುದಿಲ್ಲವೇ?
— ಓದುಗರು, ಭದ್ರಾವತಿ

ಉತ್ತರ: ಮೊದಲ ಒಂದೆರಡು ವರ್ಷ ಬಹುಮಟ್ಟಿಗೆ ಗುಣಮಟ್ಟ ಪರೀಕ್ಷೆಯೇ ಕೆಲಸ. ಬಿಳಿ ಅಂಟಾದರೆ ಒಂದೆರಡು ಗ್ರಾಂ ತೂಗಿ 105 ಡಿಗ್ರಿ ಒವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಘನಾಂಶ ತೆಗೆಯಬೇಕು, ಪಿಎಚ್ ನೋಡಬೇಕು, ಬ್ರೂಕ್‌ಫೀಲ್ಡ್ ಯಂತ್ರದಲ್ಲಿ ಸ್ನಿಗ್ಧತೆ ಅಳೆಯಬೇಕು. ಕಾಯಿಸಿ ಹಚ್ಚುವ ಹಾಟ್‌ಮೆಲ್ಟ್ ಆದರೆ ಮೆತ್ತಗಾಗುವ ತಾಪಮಾನ, ಬಣ್ಣ, 160 ಡಿಗ್ರಿಯಲ್ಲಿ ಸ್ನಿಗ್ಧತೆ. ದಿನವೂ ಅದೇ ಕೆಲಸ ಎಂದು ಬೇಸರ ಬರಬಹುದು. ಆದರೆ ಕಚ್ಚಾವಸ್ತುವಿನ ಸ್ವಭಾವ ಕೈಗೆ ಹತ್ತುವುದು ಇಲ್ಲಿಯೇ. ಈ ಹಂತವನ್ನು ಹಾರಿ ನೇರವಾಗಿ ಸೂತ್ರ ಬರೆಯಲು ಕೂತವರ ಕೆಲಸ ಕಾರ್ಖಾನೆಯ ನೆಲದಲ್ಲಿ ನಿಲ್ಲುವುದು ಕಷ್ಟ.

ಆಮೇಲೆ ಮೂರು ದಾರಿಗಳಿವೆ: ಹೊಸ ಅಂಟಿನ ಸೂತ್ರ ರೂಪಿಸುವುದು, ಉತ್ಪಾದನೆ ನೋಡಿಕೊಳ್ಳುವುದು, ಗ್ರಾಹಕರ ಕಾರ್ಖಾನೆಗೆ ಹೋಗಿ ತೊಂದರೆ ಬಿಡಿಸುವುದು. ಮೂರನೆಯದನ್ನು ಜನ ಕೀಳಾಗಿ ಕಾಣುತ್ತಾರೆ. ನಮ್ಮ ದೃಷ್ಟಿಯಲ್ಲಿ ಅತಿ ಹೆಚ್ಚು ಕಲಿಸುವುದು ಅದೇ. ಅಂಟು ಬಿಟ್ಟಿದೆ ಎಂಬ ದೂರು ಬಂದರೆ ಸೂತ್ರವನ್ನು ಮುಟ್ಟುವ ಮೊದಲು ಬಿಟ್ಟ ಜಾಗವನ್ನು ನೋಡಬೇಕು. ಅಂಟು ಒಂದು ಮೈಯಿಂದ ಪೂರ್ತಿ ಕಿತ್ತು ಬಂದಿದ್ದರೆ ಅದು ಆ ಮೈಗೆ ಹಿಡಿದೇ ಇರಲಿಲ್ಲ. ಎರಡೂ ಮೈ ಮೇಲೆ ಅಂಟು ಉಳಿದಿದ್ದರೆ ಅಂಟೇ ತನ್ನೊಳಗೆ ಹರಿದಿದೆ. ಮರವೋ ಕಾಗದವೋ ಹರಿದಿದ್ದರೆ ಅಂಟು ತನ್ನ ಕೆಲಸ ಮಾಡಿದೆ. ಮೂರಕ್ಕೂ ಪರಿಹಾರ ಬೇರೆ ಬೇರೆ. ಒಂದರ ಮದ್ದು ಇನ್ನೊಂದನ್ನು ಹೆಚ್ಚಿಸುವುದೂ ಉಂಟು.

ಎರಡು ಅಭ್ಯಾಸಗಳನ್ನು ನಿಮ್ಮ ಮಗಳು ಮೊದಲ ದಿನದಿಂದಲೇ ಬೆಳೆಸಿಕೊಳ್ಳಲಿ. ಪುಸ್ತಕದಲ್ಲಿ ಪ್ರತಿ ಕಚ್ಚಾವಸ್ತುವಿನ ಬ್ಯಾಚ್ ಸಂಖ್ಯೆ ಬರೆಯುವುದು ಒಂದು, ಒಂದು ಸಲಕ್ಕೆ ಒಂದೇ ಅಂಶ ಬದಲಿಸುವುದು ಇನ್ನೊಂದು. ಹೆಚ್ಚಿನ ಓದು ಬೇಕೆನಿಸಿದರೆ ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಸಂಸ್ಕರಣೆ ಮತ್ತು ಪರೀಕ್ಷೆಯ ಕೋರ್ಸ್‌ಗಳಿವೆ.

ಆರೋಗ್ಯದ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಪ್ಲೈವುಡ್ ಅಂಟಿನ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಪಾಲಿಯುರೆಥೇನ್ ಅಂಟಿನ ಐಸೊಸಯನೇಟ್‌ನಿಂದ ಅಸ್ತಮಾ ಬರಬಹುದು. ಒಮ್ಮೆ ಬಂದವರಿಗೆ ಆಮೇಲೆ ಅತಿ ಅಲ್ಪ ಪ್ರಮಾಣವೂ ಸಾಕು. ಸಂದರ್ಶನಕ್ಕೆ ಹೋದಾಗ ಮಗಳು ಲ್ಯಾಬನ್ನು ತೋರಿಸಿ ಎಂದು ಕೇಳಲಿ. ಆವಿ ಹೊರಗೆಳೆಯುವ ಫ್ಯೂಮ್‌ಹುಡ್ ಓಡುತ್ತಿದೆಯೇ, ಅದರೊಳಗೆ ಸಾಮಾನು ಪೇರಿಸಿಟ್ಟಿದ್ದಾರೆಯೇ, ರಾಸಾಯನಿಕಗಳ ಸುರಕ್ಷತಾ ಪತ್ರ ಕೈಗೆ ಸಿಗುವ ಜಾಗದಲ್ಲಿದೆಯೇ ಎಂದು ನೋಡಿದರೆ ಆ ಕಂಪನಿಯ ಬಗ್ಗೆ ಬಹುಪಾಲು ತಿಳಿಯುತ್ತದೆ.

ಪ್ರಶ್ನೆ: ರಟ್ಟಿನ ಪೆಟ್ಟಿಗೆಗಳನ್ನು ಹಾಟ್‌ಮೆಲ್ಟ್ ಅಂಟಿನಿಂದ ಮುಚ್ಚಿ ಕಳಿಸುತ್ತೇವೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಹೋದ ಲಾರಿಗಳಲ್ಲಿ ಹಲವು ಪೆಟ್ಟಿಗೆಗಳ ಮುಚ್ಚಳ ಬಿಟ್ಟುಕೊಂಡಿರುತ್ತದೆ. ಅಂಟು ಹೆಚ್ಚು ಹಾಕಿದರೂ ಅಷ್ಟೇ. ಅಂಟಿನ ಸೂತ್ರ ನಾವೇ ಬದಲಿಸಬಹುದೇ?
— ಪ್ಯಾಕಿಂಗ್ ಘಟಕದ ಮೇಲ್ವಿಚಾರಕರು, ಪೀಣ್ಯ

ಉತ್ತರ: ಅಂಟು ಹೆಚ್ಚು ಹಾಕುವುದನ್ನು ಮೊದಲು ನಿಲ್ಲಿಸಿ. ದಪ್ಪ ಎಳೆ ನಿಧಾನ ಆರುತ್ತದೆ. ಒತ್ತುವ ಪಟ್ಟಿಯಿಂದ ಹೊರಬರುವ ಹೊತ್ತಿಗೂ ಒಳಗೆ ಮೆತ್ತಗಿದ್ದರೆ ಮುಚ್ಚಳ ತಾನೇ ಮೇಲೇಳುತ್ತದೆ.

ಬಿಟ್ಟ ಪೆಟ್ಟಿಗೆಯೊಂದನ್ನು ತರಿಸಿ ಅಂಟಿನ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಯ ಮೇಲ್ಮೈ ನುಣ್ಣಗೆ ಹೊಳೆಯುತ್ತಿದ್ದು ಕಾಗದದ ಒಂದು ನಾರೂ ಹತ್ತಿಲ್ಲದಿದ್ದರೆ, ಮುಚ್ಚಳ ಕೂರುವ ಮೊದಲೇ ಅಂಟು ಆರಿಹೋಗಿದೆ. ಇದು ಸೂತ್ರದ ದೋಷವಲ್ಲ, ಸಾಲಿನ ದೋಷ. ನಾಜಲ್ ತುದಿಯ ತಾಪವನ್ನು ಬೇರೆ ಥರ್ಮೋಕಪಲ್‌ನಿಂದ ಅಳೆಯಿರಿ. ಪರದೆ 170 ತೋರಿಸುತ್ತಿದ್ದರೂ ತುದಿಯಲ್ಲಿ 145 ಇರುವುದು ಅಪರೂಪವಲ್ಲ. ಪೆಟ್ಟಿಗೆಯ ಆ ಭಾಗಕ್ಕೆ ವಾರ್ನಿಷ್ ಬಳಿದಿದ್ದರೂ ಇದೇ ಗುರುತು ಕಾಣುತ್ತದೆ.

ಎಳೆ ಎರಡೂ ಕಡೆ ಉಳಿದು, ನಡುವೆ ಜಗ್ಗಿ ದಾರದಂತೆ ಎಳೆದುಕೊಂಡಿದ್ದರೆ ಬಿಸಿಲಿಗೆ ಅಂಟೇ ಸೋತಿದೆ. ಮುಚ್ಚಿದ ಲಾರಿಯೊಳಗೆ 60 ಡಿಗ್ರಿ ಆಗುವುದುಂಟು. ನಿಮ್ಮ ಅಂಟಿನಲ್ಲಿ 58-60 ಡಿಗ್ರಿಗೆ ಕರಗುವ ಪ್ಯಾರಾಫಿನ್ ಮೇಣ ಇದ್ದರೆ ಫಲಿತಾಂಶ ಇದೇ. ಆಗ ಮೇಣ ಬದಲಿಸಬೇಕು. ಕಲ್ಲಿದ್ದಲಿನಿಂದಲೋ ನೈಸರ್ಗಿಕ ಅನಿಲದಿಂದಲೋ ಮಾಡುವ ಫಿಶರ್-ಟ್ರಾಪ್ಶ್ ಮೇಣದ ಅಣುಗಳು ನೇರ ಸರಪಳಿಗಳು. ಗಟ್ಟಿ ದರ್ಜೆಯದು 100 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಕರಗಿದಾಗ ಬಹಳ ತೆಳು. ಜರ್ಮನಿಯ ಮ್ಯೂಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ 1920ರ ದಶಕದಲ್ಲಿ ಹುಟ್ಟಿದ ವಿಧಾನ ಅದು. ಅದೇ ಸಂಸ್ಥೆಯಲ್ಲಿ 1953ರಲ್ಲಿ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲಿ ಪಾಲಿಎಥಿಲೀನ್ ಮಾಡುವ ದಾರಿ ಕಂಡುಹಿಡಿದರು. ಇವತ್ತಿನ ಮೇಣ-ಅಂಟಿನ ಉದ್ಯಮ ಆ ಒಂದು ಕಟ್ಟಡಕ್ಕೆ ಎಷ್ಟು ಋಣಿ ಎಂಬುದು ಕಡಿಮೆ ಜನರಿಗೆ ಗೊತ್ತು.

ಪ್ರಯೋಗಕ್ಕೆ ಒಂದು ಕಿಲೋ: 28 ಶೇಕಡ ವಿನೈಲ್ ಅಸಿಟೇಟ್ ಇರುವ, ಮೆಲ್ಟ್ ಇಂಡೆಕ್ಸ್ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) 400ರ ಇವಿಎ (ಎಥಿಲೀನ್-ವಿನೈಲ್ ಅಸಿಟೇಟ್ ಪಾಲಿಮರ್) 350 ಗ್ರಾಂ; ಜಿಗುಟು ಕೊಡುವ ರೋಸಿನ್ ಎಸ್ಟರ್ ಅಥವಾ ಹೈಡ್ರೋಕಾರ್ಬನ್ ರಾಳ 400 ಗ್ರಾಂ; ಮೇಣ 245 ಗ್ರಾಂ; ಆಂಟಿಆಕ್ಸಿಡೆಂಟ್ 5 ಗ್ರಾಂ. ಮೇಣ ಮತ್ತು ಆಂಟಿಆಕ್ಸಿಡೆಂಟ್ ಅನ್ನು 130-140 ಡಿಗ್ರಿಯಲ್ಲಿ ಕರಗಿಸಿ, ಕಲಕುತ್ತಾ ಇವಿಎ ಹರಳುಗಳನ್ನು ಹಿಡಿ ಹಿಡಿಯಾಗಿ ಹಾಕಿ. ಒಮ್ಮೆಲೇ ಸುರಿದರೆ ಹೊರಗೆ ಕರಗಿ ಒಳಗೆ ಗಟ್ಟಿಯಾದ ಉಂಡೆಯಾಗುತ್ತದೆ, ಗಂಟೆಗಟ್ಟಲೆ ಕಲಕಿದರೂ ಬಿಡುವುದಿಲ್ಲ. ಪೂರ್ತಿ ತಿಳಿಯಾದ ಮೇಲೆ ರಾಳ ಹಾಕಿ 160-165ಕ್ಕೆ ತನ್ನಿ. 180 ದಾಟಿಸಬೇಡಿ: ಬಣ್ಣ ಕಪ್ಪಾಗುತ್ತದೆ. ವಿನೆಗರ್ ವಾಸನೆ ಬಂದರೆ ಇವಿಎ ಒಡೆಯುತ್ತಿದೆ ಎಂದರ್ಥ. ಕೊನೆಗೆ ಥರ್ಮಾಮೀಟರನ್ನು ಕರಗಿದ ಅಂಟಿನಲ್ಲಿ ಅದ್ದಿ ಮೇಲೆತ್ತಿ, ಅದರ ಬುರುಡೆಯ ಮೇಲಿನ ಪದರ ಎಷ್ಟು ಡಿಗ್ರಿಗೆ ಮಂಜಾಗುತ್ತದೆ ಎಂದು ಬರೆದುಕೊಳ್ಳಿ. ಬಹಳ ಮೇಲೆಯೇ ಮಂಜಾದರೆ ಮೇಣ, ರಾಳ, ಇವಿಎ ಒಂದಕ್ಕೊಂದು ಹೊಂದಿಕೊಂಡಿಲ್ಲ, ರಾಳ ಬದಲಿಸಿ.

ಒಂದು ಎಚ್ಚರಿಕೆ. ಫಿಶರ್-ಟ್ರಾಪ್ಶ್ ಮೇಣ ಹಾಕಿದ ಅಂಟು ಬೇಗ ಆರುತ್ತದೆ. ಅಂಟು ಬಿದ್ದ ಮೇಲೆ ಮುಚ್ಚಳ ಮಡಚಲು ಸಾಲಿನಲ್ಲಿ ತಡವಾಗುತ್ತಿದ್ದರೆ ಮೊದಲು ಹೇಳಿದ ಹೊಳೆಯುವ ಎಳೆ ಕಾಣಿಸಿಕೊಳ್ಳುತ್ತದೆ. ಚಳಿಯಲ್ಲಿ ಆ ಅಂಟು ಬಿರುಸಾಗುವುದೂ ಉಂಟು. ಐಸ್‌ಕ್ರೀಮ್ ಪೆಟ್ಟಿಗೆಗಳಿಗೆ ಕವಲು ಅಣುಗಳಿರುವ, ಬಾಗುವ ಗುಣದ ಮೈಕ್ರೋಕ್ರಿಸ್ಟಲಿನ್ ಮೇಣವೇ ಸರಿ.

ಪ್ರಶ್ನೆ: ಅರ್ಧ ಲೀಟರ್ ಫ್ಲಾಸ್ಕಿನಲ್ಲಿ ಮಾಡಿದ ಪಾಲಿವಿನೈಲ್ ಅಸಿಟೇಟ್ ಎಮಲ್ಷನ್ (ಬಿಳಿ ಅಂಟು) ಚೆನ್ನಾಗಿ ಬಂತು. ಅದೇ ಸೂತ್ರವನ್ನು 500 ಲೀಟರ್ ರಿಯಾಕ್ಟರ್‌ನಲ್ಲಿ ಮಾಡಿದಾಗ ತಾಪ ಇದ್ದಕ್ಕಿದ್ದಂತೆ ಏರಿ ನೊರೆ ಆವಿಯನ್ನು ತಣಿಸುವ ಕಂಡೆನ್ಸರ್‌ವರೆಗೂ ಹೋಯಿತು. ಎಲ್ಲಿ ತಪ್ಪಾಯಿತು?
— ಸಣ್ಣ ಕೈಗಾರಿಕೆಯವರು, ಹುಬ್ಬಳ್ಳಿ

ಉತ್ತರ: ಗಾತ್ರ 1000 ಪಟ್ಟು ಹೆಚ್ಚಿದಾಗ ಶಾಖ ಹೊರಹೋಗುವ ಗೋಡೆ ಹೆಚ್ಚುವುದು 100 ಪಟ್ಟು ಮಾತ್ರ. ಒಂದು ಕಿಲೋ ವಿನೈಲ್ ಅಸಿಟೇಟ್ ಪಾಲಿಮರ್ ಆಗುವಾಗ ಸುಮಾರು 1000 ಕಿಲೋಜೌಲ್ ಶಾಖ ಬಿಡುತ್ತದೆ. ಮೂರು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಆದ್ದರಿಂದಲೇ ಮಾನೊಮರನ್ನು (ಪಾಲಿಮರ್ ಆಗಬೇಕಾದ ವಿನೈಲ್ ಅಸಿಟೇಟನ್ನು) ಒಟ್ಟಿಗೆ ಹಾಕದೆ ಹರಿಸುತ್ತಾ ಹಾಕುವುದು.

ಕ್ರಮ ಹೀಗಿರಲಿ. ಪಾಲಿವಿನೈಲ್ ಆಲ್ಕೊಹಾಲನ್ನು ನೀರಿನಲ್ಲಿ 85-90 ಡಿಗ್ರಿಯಲ್ಲಿ ಪೂರ್ತಿ ಕರಗಿಸಿ 65ಕ್ಕೆ ಇಳಿಸಿ. ಪಿಎಚ್ 4-5ರ ಸುತ್ತ ನಿಲ್ಲಲು ಸ್ವಲ್ಪ ಸೋಡಿಯಂ ಬೈಕಾರ್ಬೊನೇಟ್ ಹಾಕಿ. ಮಾನೊಮರ್‌ನ ಹತ್ತರಲ್ಲಿ ಒಂದು ಭಾಗ ಮತ್ತು ಕ್ರಿಯೆ ಶುರುಮಾಡುವ ಪರ್ಸಲ್ಫೇಟ್‌ನ ಒಂದಿಷ್ಟನ್ನು ಹಾಕಿ ಕಾಯಿರಿ. ನೀಲಿ ಛಾಯೆಯ ಬಿಳುಪು ಮೂಡಿ, ಕಂಡೆನ್ಸರ್‌ನಿಂದ ಹನಿ ಬೀಳಲು ಶುರುವಾಗಿ, ಆ ಹನಿ ಕಡಿಮೆಯಾದ ಮೇಲಷ್ಟೇ ಉಳಿದದ್ದನ್ನು 3-4 ಗಂಟೆಗಳಲ್ಲಿ ಹರಿಸಿ. ಮುಗಿದ ಮೇಲೆ 85-90ರಲ್ಲಿ ಅರ್ಧದಿಂದ ಒಂದು ಗಂಟೆ ಇಟ್ಟು ಉಳಿಕೆ ಮಾನೊಮರ್ ಮುಗಿಸಿ.

ನಿಮ್ಮಲ್ಲಿ ಆಗಿರುವ ಸಾಧ್ಯತೆ ಇದು: ಮಾನೊಮರ್‌ನೊಳಗಿನ ಇನ್‌ಹಿಬಿಟರ್ (ದಾಸ್ತಾನಿನಲ್ಲೇ ಪಾಲಿಮರ್ ಆಗದಂತೆ ಬೆರೆಸಿದ ವಸ್ತು) ಅಥವಾ ರಿಯಾಕ್ಟರ್‌ನ ಆಮ್ಲಜನಕ ಕ್ರಿಯೆಯನ್ನು ತಡೆದಿದೆ, ತಾಪ ಕುಸಿದಿದೆ, ಆದರೂ ಮಾನೊಮರ್ ಹರಿಯುತ್ತಲೇ ಇತ್ತು. ಒಳಗೆ ಸೇರಿದ್ದೆಲ್ಲ ಆಮೇಲೆ ಒಂದೇ ಸಲ ಹೊತ್ತಿಕೊಂಡಂತೆ ಪಾಲಿಮರ್ ಆಗಿದೆ. ತಾಪ ಇಳಿದರೆ ಮಾಡಬೇಕಾದದ್ದು ಮಾನೊಮರ್ ನಿಲ್ಲಿಸುವುದು. ಸೇರಿದ ಮಾನೊಮರ್ ಒಳಗಿರುವಾಗ ಹೆಚ್ಚುವರಿ ಪರ್ಸಲ್ಫೇಟ್ ಸುರಿಯುವುದು ಅತ್ಯಂತ ಅಪಾಯಕಾರಿ. ವಿನೈಲ್ ಅಸಿಟೇಟ್‌ನ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಹೊತ್ತಿಕೊಳ್ಳಬಲ್ಲದು. ಮೋಟಾರ್, ಸ್ವಿಚ್ ಎಲ್ಲವೂ ಫ್ಲೇಮ್‌ಪ್ರೂಫ್ ಇರಲೇಬೇಕು. ಮುಂದಿನ ಬ್ಯಾಚನ್ನು 500ರಲ್ಲಿ ಮಾಡಬೇಡಿ. ನಡುವೆ 20-50 ಲೀಟರ್‌ನ ಹಂತ ಇರಲಿ.

ಪ್ರಶ್ನೆ: ಮರಗೆಲಸದ ಬಿಳಿ ಅಂಟು ಡಿಸೆಂಬರ್, ಜನವರಿಯಲ್ಲಿ ಸೀಮೆಸುಣ್ಣದ ಪುಡಿಯಂತೆ ಒಣಗುತ್ತದೆ, ಜೋಡಣೆ ಕೈಯಲ್ಲೇ ಬಿಡುತ್ತದೆ. ಅಂಟು ಹಳೆಯದಲ್ಲ. ತೇಗದಲ್ಲಂತೂ ಯಾವ ಕಾಲಕ್ಕೂ ಸರಿಯಾಗಿ ಹಿಡಿಯುವುದಿಲ್ಲ.
— ಪೀಠೋಪಕರಣ ಮಾಡುವವರು, ಮಡಿಕೇರಿ

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಬಿಳಿ ಅಂಟಿನಲ್ಲಿರುವುದು ನೀರಿನಲ್ಲಿ ತೇಲುವ ಪಾಲಿವಿನೈಲ್ ಅಸಿಟೇಟ್ ಕಣಗಳು. ನೀರು ಹೋದಾಗ ಅವು ಮೆತ್ತಗಿದ್ದು ಒಂದರೊಳಗೊಂದು ಬೆಸೆದರೆ ಮಾತ್ರ ಪಾರದರ್ಶಕ ಪದರವಾಗುತ್ತದೆ. ಚಳಿಯಲ್ಲಿ ಕಣಗಳು ಗಟ್ಟಿಯಾಗಿಯೇ ಉಳಿದು ಬಿಳಿ ಪುಡಿಯಾಗುತ್ತವೆ. ಆಮೇಲೆ ಬಿಸಿ ಮಾಡಿದರೆ ಹೋದ ಬಲ ಬರುವುದಿಲ್ಲ. ಕೆರೆದು ಮತ್ತೆ ಅಂಟಿಸಬೇಕು. ಅಂಟಿನ ಡಬ್ಬಿಗಿಂತ ಮರದ ತಾಪ ಮುಖ್ಯ. ಹಿಂದಿನ ರಾತ್ರಿಯೇ ಮರವನ್ನು 20 ಡಿಗ್ರಿ ಮೇಲಿರುವ ಕೋಣೆಯಲ್ಲಿಟ್ಟು, ಅಲ್ಲೇ ಅಂಟಿಸಿ, ಕ್ಲಾಂಪನ್ನು ಬೇಸಿಗೆಗಿಂತ ಎರಡು ಪಟ್ಟು ಹೊತ್ತು ಬಿಡಿ. ನೀರು ಬೆರೆಸಬೇಡಿ. ಚಳಿಗೆ ಹೊಂದುವ ಅಂಟಿನಲ್ಲಿ ಪಾಲಿಮರನ್ನು ಮೆತ್ತಗೆ ಮಾಡುವ ಪ್ಲಾಸ್ಟಿಸೈಜರ್ ಹೆಚ್ಚಿರುತ್ತದೆ, ಆದರೆ ಸದಾ ಭಾರ ಹೊರುವ ಕುರ್ಚಿಯ ಸಂದಿಯಲ್ಲಿ ಅದು ಮೆಲ್ಲಗೆ ಜಾರುತ್ತದೆ. ಕುರ್ಚಿಗೆ ಅದನ್ನು ನಾವು ಸೂಚಿಸುವುದಿಲ್ಲ.

ತೇಗದ ತೊಂದರೆ ಅದರ ಎಣ್ಣೆ. ಉಜ್ಜುಗೊರಡು ಹಾಕಿದ ದಿನವೇ, ಸಾಧ್ಯವಾದರೆ ಆ ಗಂಟೆಯಲ್ಲೇ ಅಂಟಿಸಿ. ಮೊದಲು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ತಕ್ಷಣ ಅಂಟು ಹಚ್ಚಿ. ಒರೆಸಿ ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಪ್ರಶ್ನೆ: ಮನೆಯಲ್ಲೇ ಮೇಣದಬತ್ತಿ ಮಾಡಿ ಮಾರುತ್ತೇವೆ. ಬತ್ತಿಯ ಪಕ್ಕ ಗುಳಿ ಬೀಳುತ್ತದೆ, ಸುಗಂಧ ಹಾಕಿದವು ಬೆವರುತ್ತವೆ.
— ಸ್ವಸಹಾಯ ಸಂಘದ ಸದಸ್ಯೆಯರು, ತುಮಕೂರು

ಉತ್ತರ: ಪ್ಯಾರಾಫಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಹತ್ತರಲ್ಲೊಂದು ಪಾಲಿಗೂ ಹೆಚ್ಚು ಕುಗ್ಗುತ್ತದೆ. ಹೊರಗೆ ಮೊದಲು ಗಟ್ಟಿಯಾಗಿ ಗುಳಿ ನಡುವೆ ಬೀಳುತ್ತದೆ. ಅಚ್ಚನ್ನು ಉಗುರುಬೆಚ್ಚಗೆ ಮಾಡಿ, 75-80 ಡಿಗ್ರಿಯಲ್ಲಿ ಸುರಿದು, ಮೇಲ್ಪದರ ಕಟ್ಟಿದ ಮೇಲೆ ಬತ್ತಿಯ ಪಕ್ಕ ಕಡ್ಡಿಯಿಂದ ಚುಚ್ಚಿ ಎರಡನೇ ಸಲ ತುಂಬಿ. ಬೆವರಿಗೆ ಕಾರಣ ಎಣ್ಣೆ: ಅರೆಶುದ್ಧ ಮೇಣದಲ್ಲಿ ಅದು ಮೊದಲೇ ಇರುತ್ತದೆ, ಸುಗಂಧ ಸೇರಿ ಹೆಚ್ಚುತ್ತದೆ. ಪೂರ್ತಿ ಶುದ್ಧೀಕರಿಸಿದ, ಎಣ್ಣೆ ಅರ್ಧ ಶೇಕಡಕ್ಕಿಂತ ಕಡಿಮೆ ಇರುವ ಮೇಣ ಕೊಂಡು, ಸುಗಂಧವನ್ನು ನೂರಕ್ಕೆ 4-5ಕ್ಕೆ ನಿಲ್ಲಿಸಿ. ಸ್ಟಿಯರಿಕ್ ಆಮ್ಲ 5-10 ಭಾಗ ಸೇರಿಸಿದರೆ ಮೇಣದಬತ್ತಿ ಗಟ್ಟಿಯಾಗಿ, ಅಚ್ಚಿನಿಂದ ಸಲೀಸಾಗಿ ಬರುತ್ತದೆ. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ. ಹೊತ್ತಿಕೊಂಡರೆ ನೀರು ಎರಚಲೇಬಾರದು, ಉರಿ ಸಿಡಿದು ಮುಖಕ್ಕೆ ಬರುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ.

ಪ್ರಶ್ನೆ: ಒಡೆದ ಪ್ಲಾಸ್ಟಿಕ್ ಬಕೆಟ್‌ಗೆ ಯಾವ ಅಂಟು ಹಾಕಿದರೂ ಸಿಪ್ಪೆಯಂತೆ ಬಿಡುತ್ತದೆ, ಏಕೆ?
— ಓದುಗರು, ಹಾಸನ

ಉತ್ತರ: ಬಕೆಟ್ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನದು. ಅದರ ಮೇಲ್ಮೈ ಶಕ್ತಿ ಬಹಳ ಕಡಿಮೆ. ದ್ರವರೂಪದ ಅಂಟು ಹರಡದೆ ಹನಿಯಾಗಿಯೇ ನಿಲ್ಲುತ್ತದೆ. ಒಂದು ಹನಿ ನೀರು ಹಾಕಿ ನೋಡಿ, ಉರುಟಾಗಿ ಕೂತರೆ ಅಂಟೂ ಹಿಡಿಯುವುದಿಲ್ಲ. ಕಾರ್ಖಾನೆಗಳಲ್ಲಿ ಇಂಥ ಹಾಳೆಗಳ ಮೇಲೆ ಮುದ್ರಿಸುವ ಮೊದಲು ಕರೋನಾ ಎಂಬ ವಿದ್ಯುತ್ ವಿಸರ್ಜನೆ ಹಾಯಿಸಿ ಮೇಲ್ಮೈಯನ್ನು ಬದಲಿಸುತ್ತಾರೆ. ಮನೆಯಲ್ಲಿ ಅಂಟಿಗಿಂತ ಬೆಸುಗೆ ವಾಸಿ: ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಮತ್ತು ಹಾಟ್ ಏರ್ ಗನ್ ಇರುವ ರಿಪೇರಿ ಅಂಗಡಿಗೆ ಕೊಡಿ. ಬಿರುಕಿನ ಎರಡೂ ತುದಿಗೆ ಮೊದಲು ಚಿಕ್ಕ ತೂತು ಕೊರೆಸಿ, ಇಲ್ಲದಿದ್ದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಮುಂದಕ್ಕೆ ಹೋಗುತ್ತದೆ.