ಜಾವಾ ಬಿಟ್ಟು ಗೋ ಹಿಡಿಯಲೇ?

ಪ್ರಶ್ನೆ: ಏಳು ವರ್ಷದಿಂದ ಜಾವಾ ಭಾಷೆ, ಅದರ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನಲ್ಲಿ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದೇನೆ. ಗೋ ಭಾಷೆ ಕಲಿತು ಬೇರೆ ಕಡೆ ಸೇರುವ ಯೋಚನೆಯಿದೆ. ಇಷ್ಟು ವರ್ಷದ ಅನುಭವ ನೀರಲ್ಲಿ ಹೋಮ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ, ಆದರೆ ಭಾಷೆ ಬದಲಿಸುವಾಗ ಕೆಲಸದ ಕ್ಷೇತ್ರವನ್ನೂ ಬದಲಿಸಬೇಡಿ. ಪೇಮೆಂಟ್ ವ್ಯವಸ್ಥೆಯಲ್ಲಿದ್ದರೆ ಪೇಮೆಂಟ್‌ನಲ್ಲೇ ಗೋ ಕೆಲಸ ಹುಡುಕಿ. ಒಂದೇ ವಹಿವಾಟು ಎರಡು ಸಲ ಬಂದರೆ ಏನು ಮಾಡಬೇಕು, ಡೇಟಾಬೇಸ್‌ನ ಯಾವ ಕಾಲಂಗೆ ಇಂಡೆಕ್ಸ್ ಬೇಕು ಎಂಬ ತಿಳಿವಳಿಕೆಗೆ ಭಾಷೆಯ ಹಂಗಿಲ್ಲ. ಎರಡನ್ನೂ ಒಟ್ಟಿಗೆ ಬಿಟ್ಟರೆ ಸಂದರ್ಶನದಲ್ಲಿ ಫ್ರೆಶರ್ ಪಕ್ಕ ಕೂರಬೇಕಾದೀತು. ಅಂದಹಾಗೆ, ಏಕಕಾಲಕ್ಕೆ ಹಲವು ಕೆಲಸ ನಡೆಸುವ ಹಗುರವಾದ ಥ್ರೆಡ್‌ಗಳಿಗಾಗಿಯೇ ಗೋ ಬೇಕೆಂದಿದ್ದರೆ ತಡೆಯಿರಿ: 2023ರಲ್ಲಿ ಬಂದ ಜಾವಾ 21ರಲ್ಲೇ ವರ್ಚುವಲ್ ಥ್ರೆಡ್ ಇದೆ.

ಗೋ ಭಾಷೆಯಲ್ಲಿರುವುದು ಬರೀ 25 ಕೀವರ್ಡ್. ಸಿಂಟ್ಯಾಕ್ಸ್‌ಗೆ ಎರಡು ವಾರ ಸಾಕು. ಸಮಯ ತಿನ್ನುವುದು ಜಾವಾ ಚಾಳಿ ಬಿಡಿಸಿಕೊಳ್ಳುವ ಕೆಲಸ. ಪ್ರತಿ ಸ್ಟ್ರಕ್ಟ್‌ಗೂ ಮುಂಗಡವಾಗಿ ಮೆಥಡ್ ಪಟ್ಟಿಯಾದ ಇಂಟರ್‌ಫೇಸ್ ಬರೆದು, ಗೆಟ್ಟರ್-ಸೆಟ್ಟರ್ ಪೇರಿಸಿ, ಎಕ್ಸೆಪ್ಶನ್ ಬದಲು ಪ್ರೋಗ್ರಾಂ ಬೀಳಿಸುವ ಪ್ಯಾನಿಕ್ ಎಸೆದರೆ ರಿವ್ಯೂ ಮಾಡುವವರಿಗೆ ಮೊದಲ ಫೈಲ್‌ನಲ್ಲೇ ನಿಮ್ಮ ಊರು ಯಾವುದೆಂದು ಗೊತ್ತಾಗುತ್ತದೆ. ಗೋದಲ್ಲಿ ಇಂಟರ್‌ಫೇಸನ್ನು ಸಾಮಾನ್ಯವಾಗಿ ಬಳಸುವ ಕಡೆಯವರು ಬರೆಯುತ್ತಾರೆ, ಅದೂ ಒಂದೆರಡು ಮೆಥಡ್ ಮಾತ್ರ ಇಟ್ಟು.

ಹೆಚ್ಚು ಕಾಡುವುದು ಗೋರೂಟೀನ್ (ಗೋದ ಹಗುರ ಥ್ರೆಡ್) ಸೋರಿಕೆ, ಅಂದರೆ ಅದು ಮುಗಿಯದೆ ಸಿಕ್ಕಿಬಿದ್ದು ಉಳಿಯುವುದು. ಹೊರಗಿನ ಸೇವೆಯೊಂದನ್ನು ಗೋರೂಟೀನ್‌ನಿಂದ ಕರೆದು, ಉತ್ತರಕ್ಕೆ ಬಫರ್ ಇಲ್ಲದ ಚಾನೆಲ್ (ಪಡೆಯುವವರು ಬರುವವರೆಗೂ ಕಳಿಸುವವರನ್ನು ನಿಲ್ಲಿಸುವ ಕೊಳವೆ) ಕೊಟ್ಟು, ಮೊದಲು ಬಂದುದನ್ನು ಆರಿಸುವ ಸೆಲೆಕ್ಟ್‌ನಲ್ಲಿ 2 ಸೆಕೆಂಡ್ ಟೈಮ್‌ಔಟ್ ಇಟ್ಟಿದ್ದೀರಿ ಎನ್ನಿ. ಉತ್ತರ ಮೂರನೇ ಸೆಕೆಂಡಿಗೆ ಬಂದರೆ ಪಡೆಯುವ ಕೋಡ್ ಆಗಲೇ ಹೊರಟುಹೋಗಿರುತ್ತದೆ. ಕಳಿಸುವ ಗೋರೂಟೀನ್ ಪ್ರೋಸೆಸ್ ಮುಗಿಯುವವರೆಗೂ ಅಲ್ಲೇ ನಿಂತಿರುತ್ತದೆ. ಗಾರ್ಬೇಜ್ ಕಲೆಕ್ಟರ್ ಅದನ್ನು ಎತ್ತಿಹಾಕುವುದಿಲ್ಲ. ಚಾನೆಲ್‌ಗೆ 1ರ ಬಫರ್ ಕೊಡಿ, ರದ್ದತಿ ಸೂಚನೆ ಒಯ್ಯುವ ಕಾಂಟೆಕ್ಸ್ಟ್ ದಾಟಿಸಿ ಆ ಕರೆಯನ್ನೂ ರದ್ದಾಗಿಸಿ. ಗೋದ ತಪಾಸಣಾ ಸಾಧನ ಪಿಪ್ರಾಫ್‌ನಲ್ಲಿ ತೆಗೆದ ಗೋರೂಟೀನ್ ಡಂಪ್‌ನಲ್ಲಿ ‘ಚಾನ್ ಸೆಂಡ್’ ಎಂದು ನಿಂತವು ಏರುತ್ತಲೇ ಇದ್ದರೆ ರೋಗ ಇದೇ. ಟೆಸ್ಟ್ ಓಡಿಸುವಾಗ ರೇಸ್ ಫ್ಲ್ಯಾಗ್ ಮರೆಯಬೇಡಿ. ಆದರೆ ಅದು ಹಿಡಿಯುವುದು ಡೇಟಾ ರೇಸ್ ಅನ್ನು (ಹಲವು ಗೋರೂಟೀನ್ ಒಂದೇ ಡೇಟಾವನ್ನು ಹೊಂದಾಣಿಕೆಯಿಲ್ಲದೆ ಒಟ್ಟಿಗೆ ಮುಟ್ಟುವುದು), ಸೋರಿಕೆಯನ್ನಲ್ಲ.

ಈಗಿರುವ ಕಡೆಯೇ ಒಂದು ಸಣ್ಣ ಸೇವೆಯನ್ನು ಗೋದಲ್ಲಿ ಬರೆಯಲು ಕೇಳಿನೋಡಿ. ಮೂರು ತಿಂಗಳು ಪ್ರೊಡಕ್ಷನ್‌ನಲ್ಲಿ ಓಡಿದ ಒಂದು ಸೇವೆ ರೆಸ್ಯೂಮೆಯಲ್ಲಿ ಹತ್ತು ಸರ್ಟಿಫಿಕೇಟ್‌ಗಿಂತ ತೂಕದ್ದು.

ಪ್ರಶ್ನೆ: ನಾನು ಪೈಥಾನ್ ಡೆವಲಪರ್. ನಮ್ಮ ಸೇವೆ ನಿಧಾನ. ರಸ್ಟ್ ಭಾಷೆಗೆ ಹೋಗಲೇ?

ಉತ್ತರ: ಮೊದಲು ಸಮಯ ಎಲ್ಲಿ ಹೋಗುತ್ತಿದೆಯೆಂದು ತೋರಿಸುವ ಪ್ರೊಫೈಲರ್ ಹಚ್ಚಿ. ಸಮಯವೆಲ್ಲ ಡೇಟಾಬೇಸ್‌ಗೆ ಕಾಯುವುದರಲ್ಲೇ ಹೋಗುತ್ತಿದ್ದರೆ ರಸ್ಟ್ ಕೂಡ ಅಷ್ಟೇ ಹೊತ್ತು ಕಾಯುತ್ತದೆ. ಲೆಕ್ಕಾಚಾರದ ಲೂಪ್ ಒಂದು ಸಿಪಿಯು ತಿನ್ನುತ್ತಿದ್ದರೆ ಅದೊಂದೇ ಫಂಕ್ಷನ್ನನ್ನು ಪೈಥಾನ್-ರಸ್ಟ್ ಬೆಸೆಯುವ ಪೈಓ3 ಲೈಬ್ರರಿ ಬಳಸಿ ರಸ್ಟ್‌ನಲ್ಲಿ ಬರೆದು, ಮಟುರಿನ್ ಎಂಬ ಸಾಧನದಿಂದ ಬಿಲ್ಡ್ ಮಾಡಿ ಪೈಥಾನ್‌ನಿಂದಲೇ ಇಂಪೋರ್ಟ್ ಮಾಡಿ. ಮೆಮೊರಿ ಯಾರದೆಂಬ ರಸ್ಟ್ ನಿಯಮವಾದ ಓನರ್‌ಶಿಪ್, ಅದನ್ನು ತಪಾಸಿಸುವ ಬಾರೋ ಚೆಕ್ಕರ್ ಜೊತೆಗಿನ ಮೊದಲ ಜಗಳ ಆ ನೂರಿನ್ನೂರು ಸಾಲಿನೊಳಗೇ ನಡೆದುಹೋಗಲಿ.