ಗ್ಲೈಡರ್ ಎಳೆಯಲು ಎಂಥ ಲಘು ವಿಮಾನ ಬೇಕು?

ಎಂಜಿನ್ ಇಲ್ಲದ ಗ್ಲೈಡರನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯಲು ನೂರು ಅಶ್ವಶಕ್ತಿಯ ಹಗುರ ವಿಮಾನ ಸಾಕೇ, ಇಲ್ಲ ‘ಪೈಪರ್ ಪಾನೀ’ (Piper Pawnee) ತರಹದ ಗಟ್ಟಿ ವಿಮಾನವೇ ಬೇಕೇ ಎಂಬುದು ನಿಮ್ಮ ಪ್ರಶ್ನೆ. ನಿಮ್ಮಲ್ಲಿರುವ ಅತಿ ಭಾರದ ಗ್ಲೈಡರ್ ಯಾವುದು? ಉತ್ತರ ಅಲ್ಲಿದೆ.

ಒಬ್ಬರೇ ಕೂರುವ ಹಗುರ ಗ್ಲೈಡರ್‌ಗಳಾದರೆ 100 ಅಶ್ವಶಕ್ತಿಯ ರೋಟ್ಯಾಕ್ಸ್ ಎಂಜಿನ್ ನಡೆಯುತ್ತದೆ, ಇಂಧನವೂ ಉಳಿಯುತ್ತದೆ. ಇಬ್ಬರು ಕೂತರೆ ಗ್ಲೈಡರ್ ತೂಕ 600 ಕಿಲೋ ತಲುಪಬಹುದು. ಹುಲ್ಲಿನ ರನ್‌ವೇ, ಎತ್ತರದ ನೆಲ, ಸುಡುಬಿಸಿಲು ಸೇರಿದರೆ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. ಆಗ 180 ಅಶ್ವಶಕ್ತಿಯ ಸೂಪರ್ ಕಬ್ ಅಥವಾ ರೋಬಿನ್ ಡಿಆರ್400, ಇಲ್ಲವೇ 235 ಅಶ್ವಶಕ್ತಿಯ ಪಾನೀ ಬೇಕು. ಬೆಳೆಗೆ ಔಷಧಿ ಸಿಂಪಡಿಸಲೆಂದೇ ಹುಟ್ಟಿದ ಈ ಪಾನೀ ನೋಡಲು ಚೆಂದವಿಲ್ಲ, ದುಡಿಮೆಗೆ ಮಾತ್ರ ಎತ್ತು!

ಬಲದಷ್ಟೇ ಮುಖ್ಯವಾದದ್ದು ವೇಗ. ಎಳೆಯುವ ವೇಗ ಸಾಮಾನ್ಯವಾಗಿ ಗಂಟೆಗೆ 110ರಿಂದ 130 ಕಿ.ಮೀ. ತೂಕ ಹೆಚ್ಚಿಸಲು ರೆಕ್ಕೆಯಲ್ಲಿ ನೀರು ತುಂಬಿಕೊಂಡ ಗ್ಲೈಡರ್‌ಗೆ ಇನ್ನೂ ಹೆಚ್ಚು ಬೇಕು. ಮುಂದಿನ ವಿಮಾನ ನಿಧಾನವಾದರೆ ಹಿಂದಿನವನು ಸ್ಟಾಲ್ ಅಂಚಿನಲ್ಲಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಅಂಚಿನಲ್ಲಿ ತೇಲುತ್ತಾನೆ. ಆರೋಹಣಕ್ಕೆ ಹೊಂದುವ ಕಡಿಮೆ ಪಿಚ್‌ನ (ಅಲಗಿನ ಓರೆ ಕಡಿಮೆಯಿರುವ) ಪ್ರೊಪೆಲ್ಲರ್ ಹಾಕಿಸಿ.

ಕೊಳ್ಳುವವರು ಮರೆಯುವುದು ಎಂಜಿನ್ ತಂಪಾಗುವ ಬಗೆ. ನಿಧಾನ ವೇಗದಲ್ಲಿ ಪೂರ್ಣ ಶಕ್ತಿಯ ಏರಿಕೆ, ತಕ್ಷಣ ಇಳಿತ, ದಿನಕ್ಕೆ ಹತ್ತಾರು ಸಲ. ಗಾಳಿಯಿಂದ ತಂಪಾಗುವ ಸಿಲಿಂಡರ್‌ಗಳು ಇದರಿಂದ ಬಿರುಕು ಬಿಡಬಹುದು. ಇಳಿಯುವಾಗ ಶಕ್ತಿಯನ್ನು ಹಂತಹಂತವಾಗಿ ತಗ್ಗಿಸಬೇಕು.

ಹಗ್ಗ ಸಿಕ್ಕಿಸುವ ಕೊಕ್ಕೆಯ ವಿಷಯದಲ್ಲಿ ರಾಜಿ ಬೇಡ. ಗ್ಲೈಡರ್ ಮೇಲಕ್ಕೆ ಚಿಮ್ಮಿ ಎಳೆಯುವ ವಿಮಾನದ ಬಾಲವನ್ನು ಎತ್ತಿದರೆ ಅದರ ಪೈಲಟ್‌ಗೆ ಸಿಗುವುದು ಕೆಲವೇ ಕ್ಷಣ. ಹಗ್ಗ ಬಿಗಿದಿದ್ದರೂ ಕಳಚುವ ಟೋಸ್ಟ್ (Tost) ಕಂಪನಿಯ ಮಾದರಿಯ ಕೊಕ್ಕೆ, ಅದನ್ನು ಕಳಚಲು ಕೈಗೆಟುಕುವ ಹಿಡಿ, ಹಿಂದೆ ಕಾಣುವ ಕನ್ನಡಿ ಇರಲೇಬೇಕು. ಆ ವಿಮಾನಕ್ಕೆ ಎಳೆಯುವ ಅಧಿಕೃತ ಅನುಮತಿ ಮತ್ತು ತೂಕದ ಮಿತಿ ಎಷ್ಟೆಂದು ಕೈಪಿಡಿಯಲ್ಲಿ ನೋಡಿದ ಮೇಲೆಯೇ ಬೆಲೆಯ ಮಾತು ತೆಗೆಯಿರಿ.