ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ. ನಾಲ್ಕು ತಿಂಗಳ ಹಿಂದೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಅದೇನೋ ಫಾರಂ ತುಂಬಿಕೊಂಡು, ಬಿಪಿ ನೋಡಿಸಿ ಅಂದರು. 164/98 ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ದಿನಕ್ಕೊಂದು ಅಮ್ಲೋಡಿಪಿನ್ ಕೊಟ್ಟರು. ಈಗ 128/80. ವಾಸಿಯಾಯ್ತು ಅಂತ ಅಮ್ಮ ಹತ್ತು ದಿನದಿಂದ ಮಾತ್ರೆ ಬಿಟ್ಟಿದ್ದಾರೆ. ಜೊತೆಗೆ, ‘ಪುಕ್ಕಟೆ ಮಾತ್ರೇಲಿ ಪವರ್ ಎಲ್ಲಿರುತ್ತೆ’ ಅಂತಾರೆ. ಏನು ಮಾಡಲಿ?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ಪವರ್ ಇಲ್ಲದ ಮಾತ್ರೆ 164ನ್ನು 128ಕ್ಕೆ ಇಳಿಸಿದ್ದು ಹೇಗೆ ಅಂತ ಅಮ್ಮನನ್ನೇ ಕೇಳಿ! ಬಿಪಿ ಇಳಿದಿರುವುದು ಮಾತ್ರೆಯಿಂದ. ಅದು ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಮೈಯಲ್ಲಿ ಇರುವಷ್ಟು ದಿನ ಮಾತ್ರ. ಬಿಟ್ಟ ಮೇಲೆ ಬಿಪಿ ಸದ್ದಿಲ್ಲದೆ ಮತ್ತೆ ಏರುತ್ತದೆ. ತಲೆನೋವು, ತಲೆಸುತ್ತು ಏನೂ ಇಲ್ಲವಲ್ಲ ಅಂತ ಸುಮ್ನೆ ಕೂರಬೇಡಿ, ಎಷ್ಟೋ ಜನರಿಗೆ ಲಕ್ವ ಹೊಡೆದ ಮೇಲೇ ಬಿಪಿ ಇತ್ತು ಅಂತ ಗೊತ್ತಾಗುವುದು.

ನಾಳೆಯೇ ಕರೆದುಕೊಂಡು ಹೋಗಿ. ಬಿಟ್ಟ ದಿನಗಳ ಲೆಕ್ಕಕ್ಕೆ ಎರಡೆರಡು ಮಾತ್ರೆ ನುಂಗಿಸಬೇಡಿ. ಅಂದಹಾಗೆ, ಅಮ್ಮನಿಗೆ ಪಾದ ಊದುತ್ತಿತ್ತಾ? ಈ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತದೆ, ಆಗ ಮನೆಯಲ್ಲಿ ಹೇಳದೆ ಬಿಟ್ಟುಬಿಡುತ್ತಾರೆ. ಹಾಗಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ.

ಅಲ್ಲಿ ತಲುಪಿದ ತಕ್ಷಣ ಬಿಪಿ ನೋಡಿಸಬೇಡಿ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು, ಪಕ್ಕದವರ ಜೊತೆ ಮಾತಾಡುತ್ತಲೇ ತೋಳಿಗೆ ಪಟ್ಟಿ ಕಟ್ಟಿಸಿಕೊಂಡರೆ ಬಿಪಿ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಲಿ, ಅರ್ಧ ಗಂಟೆ ಮೊದಲಿಂದ ಕಾಫಿ ಬೇಡ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ.

ಪುಕ್ಕಟೆ ವಿಷಯಕ್ಕೆ ಬಂದರೆ, ಬೇಕಾಬಿಟ್ಟಿ ಕೊಡುವ ಮಾತ್ರೆ ಅಲ್ಲ ಅದು. 2017ರಲ್ಲಿ ಶುರುವಾದ ರಾಷ್ಟ್ರೀಯ ಬಿಪಿ ನಿಯಂತ್ರಣ ಯೋಜನೆಯ ಲೆಕ್ಕಾಚಾರವೇ ಇದು: ಕೆಲವೇ ಬಗೆಯ ಮಾತ್ರೆ, ಎಲ್ಲರಿಗೂ ಒಂದೇ ಕ್ರಮ, ಒಮ್ಮೆಗೆ 30 ದಿನದ ಮಾತ್ರೆ, ಹತ್ತಿರದಲ್ಲೇ. ಬಿಪಿಯನ್ನು 140/90ಕ್ಕಿಂತ ಕೆಳಗೆ ಇಡುವುದು ಗುರಿ. ದುಡ್ಡು ಕೊಟ್ಟು ಹೊರಗೆ ತಂದರೂ ಅಮ್ಲೋಡಿಪಿನ್ ಅಮ್ಲೋಡಿಪಿನ್ನೇ ಅಲ್ವಾ? ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯದಲ್ಲಂತೂ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುತ್ತಾರೆ.

ಉಪ್ಪು ದಿನಕ್ಕೆ ಎಲ್ಲಾ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯೂ ಆ ಲೆಕ್ಕಕ್ಕೇ ಬರುತ್ತವೆ. ಇದು ಅಮ್ಮನಿಗೆ ಮಾತ್ರೆಗಿಂತ ಕಷ್ಟ ಆಗಬಹುದು.

ಆ ಫಾರಂ ಇದೆಯಲ್ಲ, ಅದು 30 ದಾಟಿದ ಎಲ್ಲರಿಗೂ. ವಯಸ್ಸು, ಸೊಂಟದ ಸುತ್ತಳತೆ, ಬೀಡಿ, ಹೆಂಡ, ಮನೆಯವರಿಗಿರುವ ಕಾಯಿಲೆ ಎಲ್ಲಕ್ಕೂ ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಜಾಸ್ತಿ ಬಂದವರನ್ನು ಮೊದಲು ತಪಾಸಣೆಗೆ ಕರೆಯುತ್ತಾರೆ. ಅಮ್ಮನಿಗೆ ಬಿಪಿ ಇರುವುದರಿಂದ ನಿಮಗೂ ಒಂದಷ್ಟು ಅಂಕ ಬಂದೇ ಬರುತ್ತದೆ. ನಿಮ್ಮ ವಯಸ್ಸು ಬರೆದಿಲ್ಲ. 30 ದಾಟಿದ್ದರೆ ನಾಳೆ ಅಮ್ಮನದು ಮುಗಿದ ಮೇಲೆ ನೀವೂ ತೋಳು ಚಾಚಿ.